ಪೈಪು ಹಾವಾಗಿ ಕಂಡ ಸಂಜೆ

ಕಾಪುವಿನ ಓದುಗರೊಬ್ಬರು ಬರೆದಿದ್ದಾರೆ: "ಮಳೆಗಾಲದ ಸಂಜೆ. ಕರೆಂಟ್ ಇರಲಿಲ್ಲ. ಅಂಗಳಕ್ಕೆ ಇಳಿದವಳು ಹಾವು ಎಂದು ಕಿರುಚಿ ಒಳಗೆ ಓಡಿದೆ. ನೋಡಿದರೆ ಗಿಡಕ್ಕೆ ನೀರು ಬಿಡುವ ಪೈಪು. ಮನೆಯವರೆಲ್ಲ ನಕ್ಕರು. ಆದರೆ ಆರು ವರ್ಷದ ಮಗಳು ಅಂದಿನಿಂದ ಒಬ್ಬಳೇ ಅಂಗಳಕ್ಕೆ ಹೋಗುತ್ತಿಲ್ಲ. ನಾನು ಯಾಕೆ ಇಷ್ಟು ಪುಕ್ಕಲು?"

ನೀವು ಪುಕ್ಕಲು ಅಲ್ಲವೇ ಅಲ್ಲ. ಮಿದುಳಿನಲ್ಲಿ ಅಮಿಗ್ಡಾಲ ಎಂಬ ಬಾದಾಮಿ ಆಕಾರದ ಭಾಗವಿದೆ. ಕಂಡದ್ದು ಏನೆಂದು ನಾವು ಯೋಚಿಸಿ ಮುಗಿಸುವ ಮೊದಲೇ ಅದು ಮೈಯನ್ನು ಎಬ್ಬಿಸಿಬಿಡುತ್ತದೆ. ಎದೆ ಡವಡವ ಎನ್ನುತ್ತದೆ, ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಕಾಡಿನಲ್ಲಿ ಬಳ್ಳಿಯನ್ನು ಹಾವೆಂದು ಹಾರಿದವರಿಗೆ ನಷ್ಟವೇನೂ ಆಗಲಿಲ್ಲ. ಹಾವನ್ನು ಬಳ್ಳಿ ಅಂದುಕೊಂಡವರು ಉಳಿಯಲಿಲ್ಲ. ನಾವೆಲ್ಲ ಹಾರಿದವರ ಮಕ್ಕಳು. ಡಾರ್ವಿನ್ ಲಂಡನ್ನಿನ ಮೃಗಾಲಯದಲ್ಲಿ, ಅಲುಗುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿ, ವಿಷದ ಹಾವಿದ್ದ ದಪ್ಪ ಗಾಜಿಗೆ ಮುಖ ಇಟ್ಟು ನಿಂತಿದ್ದರು. ಹಾವು ಎರಗಿದ್ದೇ ತಡ, ಹಿಂದಕ್ಕೆ ಹಾರಿದರು. 1872ರಲ್ಲಿ ಅವರೇ ಇದನ್ನು ಬರೆದುಕೊಂಡಿದ್ದಾರೆ. ನಾಗಬನದಲ್ಲಿ ನಾಗನಿಗೆ ಹಾಲಿನ ತನು ಎರೆದು ಕೈಮುಗಿಯುವ ನಮಗೂ ಕತ್ತಲಲ್ಲಿ ಹಾವು ಕಂಡರೆ ಕಾಲು ನಿಲ್ಲುತ್ತದೆಯೇ?

ನನಗೆ ಜಾಸ್ತಿ ಕಾಡಿದ್ದು ಮಗಳ ವಿಷಯ. 1980ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಸೂಸನ್ ಮಿನೇಕಾ ಮತ್ತು ಜೊತೆಗಾರರು ಮಂಗಗಳ ಮೇಲೆ ಪ್ರಯೋಗ ಮಾಡಿದರು. ಕಾಡಲ್ಲಿ ಹುಟ್ಟಿದ ಮಂಗಗಳಿಗೆ ಹಾವೆಂದರೆ ಭಯ. ಲ್ಯಾಬಿನಲ್ಲೇ ಬೆಳೆದವಕ್ಕೆ ಏನೂ ಇಲ್ಲ. ಆದರೆ ದೊಡ್ಡ ಮಂಗ ಹಾವಿಗೆ ಬೆಚ್ಚುವುದನ್ನು ನೋಡಿದ ಸ್ವಲ್ಪ ಹೊತ್ತಿನಲ್ಲೇ ಅವೂ ಹೆದರಲು ಕಲಿತವು. ಆಮೇಲೆ ವಿಡಿಯೋ ತಿದ್ದಿ, ಮಂಗ ಹೂವಿಗೆ ಹೆದರಿದಂತೆ ತೋರಿಸಿದರು. ಹೂವಿನ ಭಯ ಮಾತ್ರ ಅವಕ್ಕೆ ಹತ್ತಲಿಲ್ಲ! ಅಂದರೆ ಹಾವಿನ ಭಯಕ್ಕೆ ಒಳಗೆ ಜಾಗ ಮೊದಲೇ ಸಿದ್ಧವಿರುತ್ತದೆ, ಅದನ್ನು ತುಂಬುವುದು ದೊಡ್ಡವರ ಮುಖ. ನಿಮ್ಮ ಮಗಳು ಅವತ್ತು ನೋಡಿದ್ದು ನಿಮ್ಮ ಮುಖವನ್ನು.

ಹಾಗಾಗಿ ಅವಳ ಹೆದರಿಕೆ ಇಳಿಸಲು ನಿಮ್ಮಷ್ಟು ಸರಿಯಾದವರು ಬೇರೆ ಇಲ್ಲ. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲಿ ಬರೆದಿದ್ದರು. ಅವನು ತಿಂಡಿ ತಿನ್ನುವಾಗ ಮೊಲದ ಗೂಡನ್ನು ದೂರದಲ್ಲಿಟ್ಟು, ದಿನ ಕಳೆದಂತೆ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಸವರಿದ. ನೀವೂ ಹಾಗೇ ಮಾಡಿ. ಮೊದಲು ಹಗಲಲ್ಲಿ ಇಬ್ಬರೂ ಜಗಲಿಯಲ್ಲಿ ಕೂತು ಪೈಪು ನೋಡಿ. ಮಾರನೇ ದಿನ ಒಂದು ಮೆಟ್ಟಿಲು ಇಳಿಯಿರಿ. ಆಮೇಲೆ ಅವಳೇ ಪೈಪು ಹಿಡಿದು ಗಿಡಕ್ಕೆ ನೀರು ಬಿಡಲಿ. ಸಂಜೆಗೆ ಟಾರ್ಚ್ ಅವಳ ಕೈಯಲ್ಲೇ ಇರಲಿ. ಅವಸರ ಬೇಡ, ಯಾರೂ ನಗುವುದಂತೂ ಬೇಡವೇ ಬೇಡ. ಎದೆ ಬಡಿದುಕೊಂಡರೆ ಇಬ್ಬರೂ ನಿಂತು, ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಬಿಡಿ.

ಟಾರ್ಚ್ ಮಾತ್ರ ಯಾವತ್ತೂ ಬಿಡಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ನಿಜವಾದ ಹಾವೂ ಬರುತ್ತದೆ, ಅಲ್ವಾ? ಇನ್ನೊಂದು ಮಾತು. 66ನೇ ಹೆದ್ದಾರಿಯಲ್ಲಿ ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸುವಾಗ ಈ ಹಳೇ ಭಯ ಬಾಯಿ ಬಿಡುವುದಿಲ್ಲ. ಕಾಡಿನಲ್ಲಿ ಲಾರಿ ಇರಲಿಲ್ಲವಲ್ಲ. ಅದನ್ನು ಮಗಳಿಗೆ ನಾವೇ ಕಲಿಸಬೇಕು.

ಎರಡು ವಾರ ಬಿಟ್ಟು, ಅವಳು ಎಷ್ಟನೇ ಮೆಟ್ಟಿಲವರೆಗೆ ಇಳಿದಳು ಎಂದು ಬರೆಯಿರಿ. ಕಾಯುತ್ತಿರುತ್ತೇನೆ.

— ಸಂಪಾದಕ