ಯಕೃತ್ತಿನ ಕಬ್ಬಿಣದ ಅಳತೆಯೊಂದರಿಂದಲೇ ಆನುವಂಶಿಕ ಹೀಮೋಕ್ರೊಮಾಟೋಸಿಸ್ ಖಚಿತವಾಗುತ್ತದೆಯೇ?

ಇಲ್ಲ. ದೇಹದಲ್ಲಿ ಕಬ್ಬಿಣ ಅತಿಯಾಗಿ ಶೇಖರವಾಗುವ ಈ ಕಾಯಿಲೆಯನ್ನು ಖಚಿತಪಡಿಸಲು ಯಕೃತ್ತಿನಲ್ಲಿ ಕಬ್ಬಿಣ ಎಷ್ಟಿದೆ ಎಂಬುದರ ಜೊತೆಗೆ ಅದು ಯಾವ ವಯಸ್ಸಿನಲ್ಲಿ ಅಷ್ಟಾಗಿದೆ, ಯಾವ ಜೀವಕೋಶಗಳಲ್ಲಿ ಶೇಖರವಾಗಿದೆ ಎಂಬುದನ್ನೂ ನೋಡಬೇಕಾಗುತ್ತದೆ.

ಆರೋಗ್ಯವಂತರ ಯಕೃತ್ತಿನಲ್ಲಿ ಒಣತೂಕದ ಪ್ರತಿ ಗ್ರಾಂಗೆ ಸಾಮಾನ್ಯವಾಗಿ 36 ಮೈಕ್ರೋಮೋಲ್‌ಗಿಂತ, ಅಂದರೆ ಸುಮಾರು 2 ಮಿಲಿಗ್ರಾಂಗಿಂತ, ಕಡಿಮೆ ಕಬ್ಬಿಣವಿರುತ್ತದೆ. ಆನುವಂಶಿಕ ಕಾಯಿಲೆಯಲ್ಲಿ ಹೆಪ್ಸಿಡಿನ್ ಹಾರ್ಮೋನಿನ ಕೊರತೆಯಿಂದ ಕರುಳು ಅಗತ್ಯಕ್ಕಿಂತ ಹೆಚ್ಚು ಕಬ್ಬಿಣವನ್ನು ಹೀರಿಕೊಳ್ಳುತ್ತಲೇ ಇರುವುದರಿಂದ ಈ ಸಂಗ್ರಹ ವರ್ಷಗಳುರುಳಿದಂತೆ ಏರುತ್ತದೆ. ಮದ್ಯಪಾನದಿಂದ ಬರುವ ಯಕೃತ್ತಿನ ರೋಗದಲ್ಲಾದರೋ ಏರಿಕೆ ಸಾಮಾನ್ಯವಾಗಿ ಅಲ್ಪ. ಈ ವ್ಯತ್ಯಾಸವನ್ನು ಗುರುತಿಸಲೆಂದೇ 1986ರಲ್ಲಿ ಮೈಕ್ರೋಮೋಲ್ ಅಂಕಿಯನ್ನು ವಯಸ್ಸಿನಿಂದ ಭಾಗಿಸುವ ಸೂಚ್ಯಂಕವೊಂದನ್ನು ಮುಂದಿಟ್ಟರು. ಐವತ್ತು ವರ್ಷದವರಲ್ಲಿ 150 ಮೈಕ್ರೋಮೋಲ್ ಇದ್ದರೆ ಸೂಚ್ಯಂಕ 3, 60 ಇದ್ದರೆ 1.2, ಅದು 1.9ನ್ನು ಮೀರಿದರೆ ಆನುವಂಶಿಕ ಕಾಯಿಲೆಯ ಸಂಭವ ಹೆಚ್ಚು.

ಆದರೆ ಈ ಗಡಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪದೇಪದೇ ರಕ್ತ ಪಡೆದವರಲ್ಲಿ, ಅನ್ಯ ಕಾರಣಗಳಿಂದ ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವುದು) ಕೊನೆಯ ಹಂತ ತಲುಪಿದವರಲ್ಲಿಯೂ ಸೂಚ್ಯಂಕ ಅದನ್ನು ಮೀರಬಹುದು. ಜೀನ್ ದೋಷವಿದ್ದೂ ಕಬ್ಬಿಣ ಇನ್ನೂ ಶೇಖರವಾಗದ ಕಿರಿಯರಲ್ಲಿ ಅದು ಕಡಿಮೆಯೇ ಇರಬಹುದು. ಇಲ್ಲಿ ಬಯಾಪ್ಸಿಯಲ್ಲಿ ತೆಗೆದ ಯಕೃತ್ತಿನ ತುಣುಕಿನಲ್ಲಿ ಕಬ್ಬಿಣವನ್ನು ನೀಲಿಯಾಗಿ ತೋರಿಸುವ ಪರೀಕ್ಷೆ ನೆರವಾಗುತ್ತದೆ: ಆನುವಂಶಿಕ ಕಾಯಿಲೆಯಲ್ಲಿ ಕಬ್ಬಿಣ ಮೊದಲು ಪೋರ್ಟಲ್ ಭಾಗದ (ರಕ್ತನಾಳಗಳು ರಕ್ತವನ್ನು ಒಳತರುವ ಜಾಗದ) ಸುತ್ತಲಿನ ಯಕೃತ್ ಕೋಶಗಳಲ್ಲಿ ಕಾಣಿಸಿಕೊಂಡರೆ, ರಕ್ತ ಪಡೆದವರಲ್ಲಿ ಮೊದಲು ಕುಫರ್ ಕೋಶಗಳಲ್ಲಿ (ಯಕೃತ್ತಿನ ಭಕ್ಷಕ ಕೋಶಗಳಲ್ಲಿ) ತುಂಬಿಕೊಳ್ಳುತ್ತದೆ.

1996ರಲ್ಲಿ ಈ ಕಾಯಿಲೆಗೆ ಸಂಬಂಧಿಸಿದ ಎಚ್‌ಎಫ್‌ಇ ಜೀನ್ ಪತ್ತೆಯಾದ ಮೇಲೆ ಸೂಚ್ಯಂಕದ ಮಹತ್ವ ಕುಗ್ಗಿತು, ನನ್ನ ಅಭಿಪ್ರಾಯದಲ್ಲಿ ಅದು ಸರಿಯೇ. ಈಗ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಎಷ್ಟು ತುಂಬಿದೆ ಎಂಬ ಅಳತೆ) ಶೇಕಡ 45ನ್ನು ಮೀರಿ ಫೆರಿಟಿನ್ (ಕಬ್ಬಿಣವನ್ನು ಕೂಡಿಡುವ ಪ್ರೋಟೀನು) ಕೂಡ ಹೆಚ್ಚಿದ್ದರೆ ಮೊದಲು ಜೀನ್ ಪರೀಕ್ಷೆ ಮಾಡಿಸುತ್ತಾರೆ, ಕಬ್ಬಿಣವನ್ನು ಅಳೆಯಲು ಎಂಆರ್‌ಐ ಸಾಕಾಗುತ್ತದೆ. ಫೆರಿಟಿನ್ ಲೀಟರಿಗೆ 1000 ಮೈಕ್ರೋಗ್ರಾಂ ದಾಟಿದಾಗ ಬಯಾಪ್ಸಿಯ ಮಾತು ಬರುವುದುಂಟು, ಅದೂ ಮುಖ್ಯವಾಗಿ ಫೈಬ್ರೋಸಿಸ್, ಅಂದರೆ ಯಕೃತ್ತಿನ ಕಲೆಗಟ್ಟುವಿಕೆ, ಎಷ್ಟಾಗಿದೆಯೆಂದು ತಿಳಿಯಲು.