ಕೊಟ್ಟಿದ್ದು 60 ಕ್ಯಾರೆಟ್, ಬಂದಿದ್ದು 11: ಉಳಿದದ್ದು ಎಲ್ಲಿ ಹೋಯ್ತು?

ಈ ಸಲದ ಪ್ರಶ್ನೆಗಳನ್ನೆಲ್ಲ ಒಂದೇ ಸಲ ಕೂತು ಓದಿದೆ. ಮುಕ್ಕಾಲು ಪಾಲು ಹಳೆಯವೇ. ಕೇಳಿದವರು ಬೇರೆ, ಕಲ್ಲು ಬೇರೆ, ಪ್ರಶ್ನೆ ಮಾತ್ರ ಅದೇ. ಅದರಲ್ಲೂ ಒಂದನ್ನು ನೋಡಿದರೆ ಈಗೀಗ ನನಗೆ ಸಿಟ್ಟೇ ಬರುತ್ತದೆ. ಅದಕ್ಕೆ ಇವತ್ತು ಉದ್ದಕ್ಕೆ ಬರೆದು ಕೈ ತೊಳೆದುಕೊಳ್ಳುತ್ತೇನೆ. ಉಳಿದವರು ಬೇಜಾರು ಮಾಡ್ಕೋಬೇಡಿ, ನಿಮಗೆ ಸಿಗೋದು ನಾಲ್ಕೈದು ಸಾಲು. ಜರಡಿ ಹಿಡಿಯೋದು, ಲೂಪ್‌ನಲ್ಲಿ (ಕಲ್ಲು ನೋಡುವ ಪುಟ್ಟ ಭೂತಗನ್ನಡಿ) ನೋಡೋದು ಇವೆಲ್ಲ ನಿಮಗೆ ಬರುತ್ತೆ ಅಂದುಕೊಂಡೇ ಬರೆದಿದ್ದೇನೆ.

ಪ್ರಶ್ನೆ: ನಾನೇ ಹುಡುಕಿ ತಂದ 12 ಗ್ರಾಂ ತೂಕದ ಅಮೆಥಿಸ್ಟ್ (ನೇರಳೆ ಸ್ಫಟಿಕ) ಕಲ್ಲನ್ನು ಕಟ್ ಮಾಡಲು ಕೊಟ್ಟಿದ್ದೆ. ಅಂದರೆ 60 ಕ್ಯಾರೆಟ್. ವಾಪಸ್ ಬಂದದ್ದು 11 ಕ್ಯಾರೆಟ್‌ನ ಒಂದೇ ಹರಳು. ಕಟ್ಟರ್ ನನ್ನ ಕಲ್ಲಿನಲ್ಲಿ ಇನ್ನೆರಡು ಹರಳು ಮಾಡಿ ಇಟ್ಟುಕೊಂಡರಾ? ಕಲ್ಲನ್ನೇ ಬದಲಾಯಿಸಿದರಾ?

ಉತ್ತರ: ಬರೀ ಈ ಲೆಕ್ಕ ನೋಡಿದರೆ ಮೋಸದ ವಾಸನೆ ನನಗೇನೂ ಬರುತ್ತಿಲ್ಲ. 60ಕ್ಕೆ 11 ಅಂದರೆ ನೂರಕ್ಕೆ 18ರಷ್ಟು. ಚೆನ್ನಾಗಿರುವ ಕಲ್ಲಿನಲ್ಲೂ ನೂರಕ್ಕೆ 20ರಿಂದ 35 ಉಳಿದರೆ ಅದು ಒಳ್ಳೆಯ ಕೆಲಸವೇ. ನಿಮ್ಮದು ಅಂಥ ಚೆನ್ನಾಗಿರುವ ಕಲ್ಲೂ ಅಲ್ಲ. ನೀವು ಕಳಿಸಿದ ಫೋಟೋ ನೋಡಿಯೇ ಹೇಳುತ್ತಿದ್ದೇನೆ.

ಆ ಫೋಟೋ ತೆಗೆದು ಇನ್ನೊಮ್ಮೆ ನೋಡಿ. ಕಲ್ಲು ಒದ್ದೆ ಇದೆ. ತಪ್ಪು ಶುರುವಾಗಿದ್ದೇ ಅಲ್ಲಿ. ಒದ್ದೆ ಕಲ್ಲು ಸುಳ್ಳು ಹೇಳುತ್ತದೆ. ಮೇಲ್ಮೈಯ ಸಣ್ಣ ಸಣ್ಣ ಗೀರುಗಳಲ್ಲಿ ನೀರು ತುಂಬಿಕೊಂಡು, ಮಂಕಾಗಿದ್ದ ಕಲ್ಲು ಪಾಲಿಶ್ ಮಾಡಿದ ಹಾಗೆ ಹೊಳೆಯುತ್ತದೆ. ಹೊಳೆಯಲ್ಲಿ ಹೆಕ್ಕುವಾಗ ರತ್ನ, ಮನೆಗೆ ತಂದು ಒಣಗಿದ ಮೇಲೆ ಜಲ್ಲಿ. ಇದು ಎಲ್ಲರಿಗೂ ಆಗುವ ಅನುಭವ ಅಲ್ವಾ?

ನಿಜ ಹೇಳಿಸೋದಕ್ಕೂ ಅದೇ ನೀರು ಬೇಕು. ಗಾಜಿನ ಬಟ್ಟಲಲ್ಲಿ ಕಲ್ಲು ಮುಳುಗುವಷ್ಟು ನೀರು ಹಾಕಿ. ಕೋಣೆ ಕತ್ತಲು ಮಾಡಿ. ಟಾರ್ಚನ್ನು ಪಕ್ಕದಿಂದ, ಆಮೇಲೆ ಹಿಂದಿನಿಂದ ಬಿಟ್ಟು ಕಲ್ಲನ್ನು ನಿಧಾನಕ್ಕೆ ತಿರುಗಿಸಿ. ಒಳಗಿನ ಬಿರುಕು ಮೀನಿನ ಹುರುಪೆಯ ಹಾಗೆ ಫಳ್ ಅಂತ ಮಿಂಚಿ ಮಾಯವಾಗುತ್ತದೆ. ಎಲ್ಲೆಲ್ಲಿ ಮಿಂಚಿತು ಅಂತ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿ. ನಿಮ್ಮ ಕಲ್ಲಿನ ಮಧ್ಯದಲ್ಲಿ ಓರೆಯಾಗಿ ಹೋದ ಒಂದು ಬಿರುಕು ಫೋಟೋದಲ್ಲೇ ಕಾಣುತ್ತಿದೆ. ಕಟ್ಟರ್ ಮೊದಲು ಆ ಗೆರೆಯಲ್ಲೇ ಕೊಯ್ದಿರುತ್ತಾರೆ. ಎರಡು ತುಂಡಾಯಿತು. ಬ್ಲೇಡಿನ ದಪ್ಪದಷ್ಟು ಕಲ್ಲು ಪುಡಿಯಾಗಿ ನೀರಿನಲ್ಲಿ ಹೋಯಿತು. ಕೆಳಗಿನ ಕಾಲು ಭಾಗ ಬರೀ ಬಿಳಿ. ಅಮೆಥಿಸ್ಟ್‌ನಲ್ಲಿ ಎಷ್ಟೋ ಸಲ ನೇರಳೆ ಬಣ್ಣವೆಲ್ಲ ತುದಿಯಲ್ಲೇ ಸೇರಿಕೊಂಡಿರುತ್ತದೆ, ಬಂಡೆಗೆ ಅಂಟಿದ ಬುಡ ಬೆಣಚು ಕಲ್ಲಿನ ಹಾಗೇ ಇರುತ್ತದೆ. ಆ ಬುಡವೂ ಹೋಯಿತು. ಅಲ್ಲಿಗೆ ಸಾಣೆ ಚಕ್ರ ಮುಟ್ಟುವ ಮೊದಲೇ ನಿಮ್ಮ 60 ಕ್ಯಾರೆಟ್‌ನಲ್ಲಿ ಅರ್ಧ ಖಾಲಿ.

ಇನ್ನು ಆಕಾರ. ಕಲ್ಲು ಎಷ್ಟು ಅಗಲ ಇದೆ ಅಂತ ಎಲ್ಲರೂ ಹೇಳುತ್ತಾರೆ. ದಪ್ಪ ಎಷ್ಟು ಅಂತ ಯಾರೂ ಹೇಳಲ್ಲ. ದುಂಡು ಹರಳಿಗೆ ಅಗಲದ ಮೂರರಲ್ಲಿ ಎರಡು ಪಾಲಿನಷ್ಟಾದರೂ ಆಳ ಬೇಕು. 15 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪದ ಬಿಸ್ಕತ್ತಿನಂಥ ಕಲ್ಲು ತಂದುಕೊಟ್ಟರೆ ನಿಮಗೆ ಸಿಗೋದು 6 ಮಿಲಿಮೀಟರ್‌ನ ಹರಳು. ಅದಕ್ಕಿಂತ ದೊಡ್ಡದು ಬರಲ್ಲ.

ಯಾಕೆ ಬರಲ್ಲ? ಹರಳಿನ ಮೇಲಿನಿಂದ ಒಳಗೆ ಹೋದ ಬೆಳಕು ಕೆಳಗಿನ ಇಳಿಜಾರು ಮುಖಗಳಿಗೆ ಬಡಿದು ವಾಪಸ್ ಮೇಲೆ ಬರಬೇಕು. ಹಾಗೆ ಬಂದರೆ ಮಾತ್ರ ಹೊಳಪು. ಆ ಇಳಿಜಾರು ತೀರಾ ಕಡಿಮೆಯಾದರೆ ಬೆಳಕು ಕೆಳಗಿನಿಂದಲೇ ಸೋರಿಹೋಗುತ್ತದೆ. ಸ್ಫಟಿಕದ ಜಾತಿಗೆ, ಅಮೆಥಿಸ್ಟ್ ಕೂಡ ಅದೇ ಜಾತಿ, ಆ ಗಡಿ ಸುಮಾರು 40.4 ಡಿಗ್ರಿ. ಅದಕ್ಕೇ ನಾವು 42, 43 ಡಿಗ್ರಿ ಇಟ್ಟು ಕಟ್ ಮಾಡುತ್ತೇವೆ. ಮಾಣಿಕ್ಯ, ನೀಲಕ್ಕೆ ಗಡಿ 34.4ರ ಆಸುಪಾಸು. ವಜ್ರಕ್ಕೆ 24.4. ಇದು ಕಟ್ಟರ್‌ನ ಇಷ್ಟಾನಿಷ್ಟದ ಮಾತಲ್ಲ, ಆಯಾ ಕಲ್ಲಿನ ಗುಣ.

ಈಗ ನೀವು "ತೂಕ ಜಾಸ್ತಿ ಉಳಿಸಿ" ಅಂತ ಗಂಟುಬಿದ್ದಿರಿ ಅಂದುಕೊಳ್ಳಿ. ಕಟ್ಟರ್ ಪಾಪ ಏನು ಮಾಡಬೇಕು? ಕೆಳಗಿನ ಕೋನವನ್ನು 35ಕ್ಕೆ ಇಳಿಸಿದರೆ ಆಯಿತು. ತೆಳ್ಳಗಿನ ಕಲ್ಲಿನಲ್ಲೂ ಅಗಲವಾದ ಹರಳು ಬರುತ್ತದೆ. ತಕ್ಕಡಿಯಲ್ಲಿ ಇಟ್ಟರೆ ನಿಮಗೆ ಖುಷಿ. ಬೆರಳಿಗೆ ಹಾಕಿಕೊಂಡರೆ ನಡುವೆ ತೂತು ಬಿದ್ದ ಹಾಗೆ, ಕೆಳಗಿನ ಚರ್ಮ ಕಾಣುತ್ತದೆ! ನಾವು ಇದಕ್ಕೆ ಕಿಟಕಿ ಅನ್ನುತ್ತೇವೆ. ಅಂಗಡಿಗಳಲ್ಲಿ ಇಂಥ ಕಿಟಕಿ ಹರಳುಗಳು ರಾಶಿ ರಾಶಿ ಸಿಗುತ್ತವೆ. ಮಾರುವವರಿಗೂ ಕೊಳ್ಳುವವರಿಗೂ ತೂಕವೇ ಲೆಕ್ಕ ಆಗಿರುವುದರ ಫಲ ಅದು.

ನಿಮ್ಮ 11 ಕ್ಯಾರೆಟ್ ಹರಳನ್ನು ಅಚ್ಚಾದ ಕಾಗದದ ಮೇಲೆ ಇಡಿ, ಮುಖ ಮೇಲೆ ಮಾಡಿ. ಮೇಲಿನಿಂದ ನೇರ ನೋಡಿ. ಕೆಳಗಿನ ಅಕ್ಷರ ಓದಲು ಬಂದರೆ ಕಟ್ಟರ್ ಹತ್ತಿರ ಹೋಗಿ ಜಗಳ ಆಡಿ. ಬರದಿದ್ದರೆ ಮತ್ತೆ ಹೋಗಿ ಒಂದು ಥ್ಯಾಂಕ್ಸ್ ಹೇಳಿ ಬನ್ನಿ. ಹಾಗೇ ಹರಳನ್ನು ನೀರಿನಲ್ಲಿ ಮುಳುಗಿಸಿ ಪಕ್ಕದಿಂದಲೂ ನೋಡಿ. ನೇರಳೆ ಬಣ್ಣವೆಲ್ಲ ತಳದ ಚೂಪಿನ ಹತ್ತಿರ ಇದ್ದು, ಮೇಲೆ ಪೇಲವವಾಗಿದ್ದರೆ ನಿಮ್ಮ ಕಟ್ಟರ್ ಬುದ್ಧಿವಂತರು. ತಳದಲ್ಲಿಟ್ಟ ಚೂರು ಬಣ್ಣ ಪ್ರತಿಫಲಿಸಿ ಇಡೀ ಹರಳಿಗೆ ಹರಡಿದ ಹಾಗೆ ಕಾಣುತ್ತದೆ. ಅದಕ್ಕೋಸ್ಕರ ಕಲ್ಲನ್ನು ಬೇರೆ ದಿಕ್ಕಿಗೆ ತಿರುಗಿಸಿ ಕಟ್ ಮಾಡಿರುತ್ತಾರೆ. ಹಾಗೆ ತಿರುಗಿಸಿದಾಗ ಇನ್ನಷ್ಟು ತೂಕ ಹೋಗಿರುತ್ತದೆ.

ದಿಕ್ಕು ತಪ್ಪಿದರೆ ಏನಾಗುತ್ತೆ ಅನ್ನೋದನ್ನು ನಾನು ಕೈಯಾರೆ ಕಲಿತಿದ್ದೇನೆ. ಕಲಿಯುವ ದಿನಗಳಲ್ಲಿ ಒಂದು ಟೋಪಾಜ್ ಹಿಡಿದಿದ್ದೆ. ಅದಕ್ಕೆ ಒಂದು ದಿಕ್ಕಿನಲ್ಲಿ ಸಲೀಸಾಗಿ ಸೀಳುವ ಗುಣ ಇದೆ. ಕಾಗೆಬಂಗಾರದಷ್ಟು ಸುಲಭಕ್ಕಲ್ಲ, ಆದರೂ ಏಟು ಬಿದ್ದರೆ ನುಣ್ಣಗೆ ಸೀಳುತ್ತದೆ. ಗೊತ್ತಿತ್ತು. ಆದರೆ ತೂಕ ಉಳಿಸುವ ಆಸೆಯಲ್ಲಿ ಮೇಲಿನ ಅಗಲ ಮುಖವನ್ನು ಸರಿಯಾಗಿ ಆ ಸೀಳಿನ ಮೇಲೇ ಇಟ್ಟೆ. ಎರಡು ಸಂಜೆ ಉಜ್ಜಿದೆ. ಪಾಲಿಶ್ ಏರಲೇ ಇಲ್ಲ, ಸಣ್ಣ ಸಣ್ಣ ಚಕ್ಕೆ ಏಳುತ್ತಲೇ ಇತ್ತು. ಕೊನೆಗೆ ಏಳೆಂಟು ಡಿಗ್ರಿ ಓರೆ ಮಾಡಿ ಮೊದಲಿನಿಂದ ಶುರುಮಾಡಿದೆ. ಉಳಿಸಲು ಹೋದದ್ದಕ್ಕಿಂತ ಜಾಸ್ತಿ ಕಳೆದುಕೊಂಡೆ. ಆ ಹರಳು ಈಗಲೂ ಡಬ್ಬಿಯಲ್ಲಿದೆ, ಯಾರಿಗೂ ತೋರಿಸಲ್ಲ.

ಕಲ್ಲು ಬದಲಾಯಿತಾ ಅನ್ನೋ ಅನುಮಾನಕ್ಕೆ ಮದ್ದು ಕೊಡುವ ಮೊದಲೇ ಇದೆ, ಆಮೇಲೆ ಇಲ್ಲ. ನೀರಿನಲ್ಲಿಟ್ಟು ಬೆಳಕು ಬಿಟ್ಟು ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಕೊಯ್ದ ಚೂರುಗಳೆಲ್ಲ ವಾಪಸ್ ಬೇಕು ಅಂತ ಕೊಡುವಾಗಲೇ ಹೇಳಿ. ಸುಮಾರಾಗಿ ಆಕಾರಕ್ಕೆ ತಂದ ಮೇಲೆ, ಮುಖ ಕೊರೆಯುವ ಮೊದಲು ಒಮ್ಮೆ ತೋರಿಸಿ ಅಂತ ಕೇಳಿ. ಒಳ್ಳೆಯ ಕಟ್ಟರ್ ಯಾರೂ ಇದಕ್ಕೆ ಮುಖ ಸಿಂಡರಿಸಲ್ಲ. ಜೊತೆಗೆ ಸಾಂದ್ರತೆ ಅಳೆದು ಬರೆದಿಟ್ಟುಕೊಳ್ಳಿ. 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. ಕಲ್ಲಿನ ತೂಕ ಮೊದಲು ನೋಡಿ. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಕಲ್ಲನ್ನು ತೆಳು ದಾರದಲ್ಲಿ ಕಟ್ಟಿ ನೀರಿಗೆ ಇಳಿಬಿಡಿ, ತಳ ಮುಟ್ಟಬಾರದು, ಗುಳ್ಳೆ ಅಂಟಿರಬಾರದು. ಈಗ ಬರುವ ಅಂಕಿಯಿಂದ ಕಲ್ಲಿನ ತೂಕವನ್ನು ಭಾಗಿಸಿ. ನಿಮ್ಮ 12 ಗ್ರಾಂ ಕಲ್ಲಿಗೆ 4.53 ಬರಬೇಕಿತ್ತು. ಭಾಗಿಸಿದರೆ 2.65, ಸ್ಫಟಿಕದ ಸಾಂದ್ರತೆ. ಅದೇ ತೂಕದ ಮಾಣಿಕ್ಯ ಆಗಿದ್ದರೆ 3 ಬರುತ್ತಿತ್ತು, ಸಾಂದ್ರತೆ 4. ಒಂದು ಗ್ರಾಂಗಿಂತ ಸಣ್ಣ ಕಲ್ಲಿಗೆ ಈ ಆಟ ನಂಬಬೇಡಿ, ತಕ್ಕಡಿಯ ಒಂದು ಅಂಕಿ ಆಚೀಚೆಯಾದರೂ ಲೆಕ್ಕ ಕೆಡುತ್ತದೆ. ಇನ್ನೊಂದು ಮಾತು. ಇದು ಕಲ್ಲಿನ ಜಾತಿ ಹೇಳುತ್ತದೆ ಅಷ್ಟೇ. ಕೃತಕ ಅಮೆಥಿಸ್ಟ್‌ಗೂ ಇದೇ 2.65 ಬರುತ್ತದೆ.

ಪ್ರಶ್ನೆ: ಕಟ್ ಮಾಡಿದ ಹರಳಿನಲ್ಲಿ ನಕಲಿ ಜಾಸ್ತಿ ಅಂತ ನಾನು ಕಚ್ಚಾ ಕಲ್ಲುಗಳನ್ನೇ ಕೊಳ್ಳುತ್ತೇನೆ. ಕಚ್ಚಾ ಕಲ್ಲು ನಕಲಿ ಮಾಡಲು ಬರಲ್ಲ ಅಲ್ವಾ?

ಉತ್ತರ: ಬರುತ್ತೆ. ಧಾರಾಳವಾಗಿ ಬರುತ್ತೆ. ಫ್ರಾನ್ಸಿನ ಆಗಸ್ಟ್ ವರ್ನೂಯ್ 1902ರಲ್ಲೇ ಅಲ್ಯೂಮಿನಾ ಪುಡಿಯನ್ನು ಉರಿಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಬರುವ ಉದ್ದನೆಯ ಗಟ್ಟಿಯನ್ನು ಒಡೆದು, ಉರುಳಿಸಿ, ಮೂಲೆ ಸವೆಸಿ, ಮಣ್ಣು ಮೆತ್ತಿದರೆ "ಹೊಳೆಯಲ್ಲಿ ಸಿಕ್ಕ ಮಾಣಿಕ್ಯ" ತಯಾರು. ಅದು ಗಾಜಲ್ಲ, ನಿಜವಾದ ಕುರುಂದವೇ, ಅಂದರೆ ಮಾಣಿಕ್ಯ, ನೀಲ ಎರಡೂ ಸೇರುವ ಖನಿಜ. ಗಡಸುತನ, ಸಾಂದ್ರತೆ ಎಲ್ಲ ಪಾಸಾಗುತ್ತದೆ. ಒಂದು ಬದಿ ಚೂರು ಪಾಲಿಶ್ ಮಾಡಿ ಒಳಗೆ ನೋಡಿದರೆ ಬಾಗಿದ ಗೆರೆಗಳು ಕಾಣಬಹುದು. ಭೂಮಿಯಲ್ಲಿ ಬೆಳೆದದ್ದರಲ್ಲಿ ಬೆಳವಣಿಗೆಯ ಗೆರೆಗಳು ನೇರ, ಕೋನ ಕೋನವಾಗಿ ಇರುತ್ತವೆ. ಗಾಜಿನ ನಕಲಿಯಲ್ಲಿ ದುಂಡಗಿನ ಗುಳ್ಳೆ ಹುಡುಕಿ. ಯುವಿ ಟಾರ್ಚಿನಲ್ಲಿ ಕೆಂಪಗೆ ಹೊಳೆಯಿತು, ಹಾಗಾಗಿ ಅಸಲಿ ಅಂತ ಮೂವರು ಬರೆದಿದ್ದಾರೆ. ಕೃತಕ ಮಾಣಿಕ್ಯ ಸಾಮಾನ್ಯವಾಗಿ ಇನ್ನೂ ಜೋರಾಗಿ ಹೊಳೆಯುತ್ತದೆ ಸ್ವಾಮಿ!

ಮೊದಲ ಸಲ ಕೊಳ್ಳುವವರು ಕೆಂಪು, ನೀಲಿ, ಹಸಿರಿನ ಸಹವಾಸಕ್ಕೇ ಹೋಗಬೇಡಿ. ಸ್ಫಟಿಕ ತಗೊಳ್ಳಿ, ಗಾರ್ನೆಟ್ ತಗೊಳ್ಳಿ.

ಪ್ರಶ್ನೆ: ವಜ್ರ ಹೌದೋ ಅಲ್ಲವೋ ಅಂತ ಸುತ್ತಿಗೆಯಿಂದ ಹೊಡೆದು ನೋಡಬಹುದಾ?

ಉತ್ತರ: ಹೌದಾಗಿದ್ದರೂ ಒಡೆಯುತ್ತದೆ. ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10 ಸಿಕ್ಕಿರುವುದು ಗೀರು ಬೀಳದಿರುವುದಕ್ಕೆ. ಏಟು ತಡೆಯುವುದಕ್ಕಲ್ಲ.

ಪ್ರಶ್ನೆ: ಮುಷ್ಟಿ ಗಾತ್ರದ, ಆರು ಮೂಲೆಯ ಕೆಂಪು ಕಲ್ಲು ಸಿಕ್ಕಿದೆ. ಕೋಟ್ಯಧಿಪತಿ ಆದೆನಾ?

ಉತ್ತರ: ಇಲ್ಲ. ಟಾರ್ಚಿನ ಬೆಳಕು ಆಚೆ ಬರದ ಕುರುಂದ ಇರಬೇಕು, ಅಂಥದ್ದು ಬೇಕಾದಷ್ಟಿದೆ. ಗುಮ್ಮಟದ ಹಾಗೆ ನುಣ್ಣಗೆ ಉಜ್ಜಿಸಿ ನೋಡಿ. ಅದೃಷ್ಟ ಇದ್ದರೆ ಒಂದೇ ದೀಪದ ಕೆಳಗೆ ಆರು ಕಾಲಿನ ನಕ್ಷತ್ರ ಮೂಡಬಹುದು. ಅದಕ್ಕೂ ದಿಕ್ಕು ಸರಿಯಿರಬೇಕು, ಆರು ಮೂಲೆ ಕಾಣುವ ಬದಿಯೇ ಮೇಲೆ ಬರಬೇಕು.

ಪ್ರಶ್ನೆ: ಮಲಕೈಟ್ ಕಲ್ಲನ್ನು ರಾತ್ರಿಯಿಡೀ ನೀರಿನಲ್ಲಿಟ್ಟು ಬೆಳಗ್ಗೆ ಆ ನೀರು ಕುಡಿದರೆ ಶಕ್ತಿ ಬರುತ್ತದಂತೆ?

ಉತ್ತರ: ಮಲಕೈಟ್ ಅಂದರೆ ತಾಮ್ರದ ಅದಿರು. ಕುಡಿಯಬೇಡಿ. ಇದನ್ನು ಹೇಳಿಕೊಟ್ಟವರು ಕಲ್ಲಿನ ತಜ್ಞರೂ ಅಲ್ಲ, ವೈದ್ಯರೂ ಅಲ್ಲ. ಕಾಯಿಲೆ ಇದ್ದರೆ ಡಾಕ್ಟರ ಹತ್ತಿರ ಹೋಗಿ, ಕಲ್ಲಿಗೂ ಹೊಟ್ಟೆಗೂ ಸಂಬಂಧ ಕಲ್ಪಿಸುವವರ ಹತ್ತಿರ ಅಲ್ಲ.

ಪ್ರಶ್ನೆ: ಮನೆಯಲ್ಲಿ ಡ್ರಿಲ್‌ಗೆ ಡಿಸ್ಕ್ ಹಾಕಿ ಒಣ ಕಲ್ಲನ್ನೇ ಉಜ್ಜುತ್ತಿದ್ದೇನೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿರುತ್ತೇನೆ. ಸಾಕಲ್ವಾ?

ಉತ್ತರ: ಸಾಲದು. ಇವತ್ತೇ ನಿಲ್ಲಿಸಿ. ಸ್ಫಟಿಕದ ಧೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ. ಬಂದಮೇಲೆ ವಾಸಿಯಾಗಲ್ಲ. ಬಟ್ಟೆ ಆ ಧೂಳನ್ನು ತಡೆಯಲ್ಲ. ಕಲ್ಲಿನ ಮೇಲೆ ನೀರು ಬೀಳುತ್ತಲೇ ಇರಬೇಕು. ಹಾಗಂತ ಕರೆಂಟಿನ ಡ್ರಿಲ್ ಕೆಳಗೆ ನೀರು ಸುರಿಯಲು ಹೋಗಿ ಶಾಕ್ ಹೊಡೆಸಿಕೊಳ್ಳಬೇಡಿ, ಅದಕ್ಕೆಂದೇ ಮಾಡಿದ ಯಂತ್ರ ಬೇಕು. ಈ ವಿಷಯದಲ್ಲಿ ನಾನು ಅತಿ ಮಾಡುತ್ತೇನೆ ಅಂತ ನನ್ನ ಹತ್ತಿರ ಕಲಿಯುವವರು ಗೊಣಗುತ್ತಾರೆ. ಗೊಣಗಲಿ.

ಪ್ರಶ್ನೆ: ಪಾಳುಬಿದ್ದ ಗಣಿಯೊಂದಿದೆ. ಒಳಗೆ ಹೋಗಿ ಹುಡುಕಲಾ?

ಉತ್ತರ: ಬೇಡ. ಹೊರಗಿನ ಗುಡ್ಡೆಯನ್ನು ಜಾಲಾಡಿ, ಅದೂ ಜಾಗದ ಮಾಲೀಕರನ್ನು ಕೇಳಿಕೊಂಡು.

ಪ್ರಶ್ನೆ: ಉರುಳಿಸಿ ಪಾಲಿಶ್ ಮಾಡುವ ಟಂಬ್ಲರ್ ತಂದಿದ್ದೇನೆ. ವಾರವಾಯಿತು, ಇನ್ನೂ ಹೊಳಪು ಬಂದಿಲ್ಲ. ಕೆಸರು ನೀರನ್ನು ಸಿಂಕಿಗೆ ಸುರಿಯಬಹುದಾ?

ಉತ್ತರ: ವಾರಕ್ಕೆ ಬರಲ್ಲ. ದಪ್ಪ ಪುಡಿಯಿಂದ ಸಣ್ಣ ಪುಡಿಗೆ ಹಂತ ಹಂತವಾಗಿ ಹೋಗಬೇಕು, ಎಲ್ಲ ಸೇರಿ ತಿಂಗಳು ಹಿಡಿಯಬಹುದು. ಪ್ರತಿ ಹಂತಕ್ಕೂ ಕಲ್ಲು, ಡಬ್ಬ ಎರಡನ್ನೂ ಚೆನ್ನಾಗಿ ತೊಳೆಯಿರಿ. ದಪ್ಪ ಪುಡಿಯ ಒಂದು ಕಣ ಉಳಿದರೂ ಕೊನೆಗೆ ಗೀರು ಬೀಳುತ್ತದೆ. ಗಟ್ಟಿ ಕಲ್ಲು, ಮೆದು ಕಲ್ಲು ಒಟ್ಟಿಗೆ ಹಾಕಬೇಡಿ. ಇನ್ನು ಸಿಂಕು: ಸುರಿದರೆ ಪೈಪಿನೊಳಗೆ ಸಿಮೆಂಟಿನ ಹಾಗೆ ಕೂರುತ್ತದೆ, ಆಮೇಲೆ ಪೈಪ್ ಬಿಚ್ಚಿಸಬೇಕು. ಬಕೆಟ್‌ನಲ್ಲಿ ಒಂದು ರಾತ್ರಿ ಬಿಡಿ. ಮೇಲಿನ ತಿಳಿನೀರು ಚೆಲ್ಲಿ. ತಳದ ಕೆಸರನ್ನು ಒದ್ದೆ ಇರುವಾಗಲೇ ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿ.