ಹತ್ತು ವರ್ಷ ಮುಂದಿನ ಬೆಳೆ ಅಂದಾಜನ್ನು ಎಷ್ಟು ನಂಬಬಹುದು?

ಮಂಗಳೂರಿನಲ್ಲಿ ಗೇರುಬೀಜ ಕಾರ್ಖಾನೆ ನಡೆಸುವವರೊಬ್ಬರು, ಜಾಗತಿಕ ಬೆಳೆಗಳ ದೀರ್ಘಾವಧಿ ಅಂದಾಜುಗಳನ್ನು ನಂಬಿ ಬಂಡವಾಳ ಹೂಡಬಹುದೇ ಎಂದು ಕೇಳಿದ್ದಾರೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಕೂಟವಾದ ಒಇಸಿಡಿಯೊಂದಿಗೆ ಪ್ರತಿವರ್ಷ ಹೊರತರುವ ಹತ್ತು ವರ್ಷಗಳ ಮುನ್ನೋಟ ಭವಿಷ್ಯವಾಣಿಯಲ್ಲ. ಜನಸಂಖ್ಯೆ, ವರಮಾನ, ಕಚ್ಚಾ ತೈಲದ ಬೆಲೆಗಳು ಹೇಗೆ ಸಾಗಬಹುದೆಂದು ಊಹಿಸಿ, ಹವಾಮಾನ ಸಾಮಾನ್ಯವಾಗಿರುತ್ತದೆ, ಈಗಿನ ಸರಕಾರಿ ನೀತಿಗಳೇ ಮುಂದುವರಿಯುತ್ತವೆ ಎಂದಿಟ್ಟುಕೊಂಡು, ದೇಶದೇಶಗಳ ಬಿತ್ತನೆ, ಇಳುವರಿ, ಬಳಕೆಗಳನ್ನು ಸಮೀಕರಣಗಳಲ್ಲಿ ಜೋಡಿಸಿ, ಪೂರೈಕೆಯೂ ಬೇಡಿಕೆಯೂ ಸರಿಹೊಂದುವ ಬೆಲೆಯನ್ನು ಅದರಲ್ಲಿ ಹುಡುಕುತ್ತಾರೆ.

ಜನಸಂಖ್ಯೆ ಒಮ್ಮೆಲೇ ಬದಲಾಗದ ಕಾರಣ ಬೇಡಿಕೆಯ ಲೆಕ್ಕ ಹೆಚ್ಚು ನಂಬಲರ್ಹ. ಲೆಕ್ಕ ಎಡವುವುದು ವ್ಯಾಪಾರದಲ್ಲಿ. 2023ರ ಜುಲೈಯಲ್ಲಿ ಭಾರತವು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಮರುತಿಂಗಳೇ, ನಾವು ಕರಾವಳಿಯವರು ದಿನವೂ ಉಣ್ಣುವ ಕುಚ್ಚಲಕ್ಕಿಯ ಮೇಲೆ ಶೇ. 20ರಷ್ಟು ರಫ್ತು ಸುಂಕ ಬಿತ್ತು. ನೀತಿ ಬದಲಾಗದೆಂಬ ಊಹೆಯ ಮೇಲೆ ನಿಂತ ಮಾದರಿಗೆ ಇಂಥ ತೀರ್ಮಾನ ಮುಂಚಿತವಾಗಿ ಕಾಣುವುದಿಲ್ಲ.

ಆ ಮುನ್ನೋಟದ ಗಮನ ಧಾನ್ಯ, ಎಣ್ಣೆಕಾಳು, ಸಕ್ಕರೆ, ಮಾಂಸಗಳಂಥ ದೊಡ್ಡ ಸರಕುಗಳ ಮೇಲಿರುವುದರಿಂದ, ಗೇರುಬೀಜಕ್ಕೆ ನೀವೇ ಲೆಕ್ಕ ಹಾಕಬೇಕು. ಇಂದು ನೆಟ್ಟ ಗೇರುಗಿಡ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕಾದ್ದರಿಂದ, ನಮ್ಮ ಕಾರ್ಖಾನೆಗಳಿಗೆ ಹಸಿಬೀಜ (ಸಂಸ್ಕರಿಸದ ಗೇರುಬೀಜ) ಕಳಿಸುವ ಆಫ್ರಿಕಾದಲ್ಲಿ ಈಗ ಎಷ್ಟು ನೆಡುತ್ತಿದ್ದಾರೆಂಬುದು ಮುಂದಿನ ಪೂರೈಕೆಯ ಒಳ್ಳೆಯ ಸುಳಿವು. ಅದಕ್ಕಿಂತಲೂ ನನಗೆ ಮುಖ್ಯವೆನಿಸುವುದು ಐವರಿ ಕೋಸ್ಟ್‌ನ ನೀತಿ: ಅತಿ ಹೆಚ್ಚು ಬೀಜ ಬೆಳೆಯುವ ಆ ದೇಶ ಸಂಸ್ಕರಣೆಯನ್ನು ತನ್ನಲ್ಲೇ ಹೆಚ್ಚಿಸುತ್ತಿದೆ. ಹಸಿಬೀಜ ಜಗತ್ತಿನಲ್ಲಿ ಹೇರಳವಾಗಿದ್ದರೂ ನಮ್ಮ ಬಂದರಿಗೆ ಬರುವುದು ಕಡಿಮೆಯಾಗಬಹುದೆಂದು ಎಣಿಸಿ, ಹೂಡಿಕೆಯ ಗಾತ್ರವನ್ನು ನಿರ್ಧರಿಸಿ.